ಬೈಲಹೊಂಗಲದ ಬಂದರು

ನಮ್ಮ ಡ್ರಾಯಿಂಗ್ ಸರ್ ಅವರ ಬಲಗೈ ಹೆಬ್ಬೆರಳು ಯಾವಾಗಲೂ ನೀಲಿ. ಕ್ರೇಯಾನಿನಿಂದ ಗೀಚಿದ ಬಣ್ಣಗಳನ್ನು ಅದೇ ಬೆರಳಿನಿಂದ ತಿಕ್ಕಿ ತಿಕ್ಕಿ ಒಂದರೊಳಗೊಂದು ಬೆರೆಸುತ್ತಿದ್ದರು. ಚಹಾದ ಬಸಿಯ ಅಂಚಿಗೂ, ಬಿಳಿ ಅಂಗಿಯ ಕಿಸೆಗೂ ಅದರ ಗುರುತು. ಮೊದಲು ಗೆರೆ ಎಳೆದು ಆಮೇಲೆ ಬಣ್ಣ ತುಂಬುವುದು ಅವರಿಗೆ ಸೇರುತ್ತಿರಲಿಲ್ಲ. "ಬೆಳಕಿಗೆ ಗೆರಿ ಎಲ್ಲಿ ಇರತೈತಿ?" ಎನ್ನುತ್ತ ತರಗತಿಯಲ್ಲಿ ನಮ್ಮ ಸ್ಕೇಲುಗಳನ್ನೆಲ್ಲ ಕಸಿದಿಡುತ್ತಿದ್ದರು.

ತೊಂಬತ್ತರ ದಶಕದ ನಡುವೆ ನಾನು ಬೈಲಹೊಂಗಲದಲ್ಲಿ ಫೋಟೊ ಸ್ಟುಡಿಯೊ ತೆರೆದೆ. ಬಂದವರು ನಿಲ್ಲುವ ಗೋಡೆಯ ಮೇಲೆ ತಾಜಮಹಲು ಬಿಡಿಸಿಕೊಡಿ ಎಂದು ಸರ್ ಅವರನ್ನು ಕೇಳಿದೆ.

"ತಾಜಮಹಲ್ ಎಲ್ಲಾರ ಕಡೆ ಐತಿ ತಮ್ಮಾ. ನಿನಗ ಸಮುದ್ರ ಕೊಡ್ತೇನಿ," ಎಂದರು.

ಸರ್ ಅವರ ತಮ್ಮ ಲಾರಿ ಓಡಿಸುತ್ತಿದ್ದ. ಅದರಲ್ಲಿ ಕೂತು ಒಮ್ಮೆ ನೋಡಿಬಂದ ಗೋವೆಯ ಬಂದರು ಅವರ ಕಣ್ಣಲ್ಲಿ ಹಾಗೇ ಉಳಿದಿತ್ತು. ವಾರವಿಡೀ ಶಾಲೆ ಬಿಟ್ಟ ಮೇಲೆ ಬಂದು, ಸ್ಟೂಲಿನ ಮೇಲೆ ನಿಂತು, ಗೋಡೆಗೆ ಕ್ರೇಯಾನು ತಿಕ್ಕಿದರು.

ಮುಗಿದಾಗ, ಹಟ ಹಿಡಿದು ತಾಜಮಹಲನ್ನೇ ಬಿಡಿಸಿಕೊಳ್ಳಬೇಕಿತ್ತು ಎನಿಸಿತು. ಹಡಗು ಎಂದರೆ ಕಂದು ಬಣ್ಣದ ನಾಲ್ಕು ಗೀಚು. ನೀರು ಎಂದರೆ ಹಳದಿ, ನೇರಳೆ ಚುಕ್ಕೆಗಳ ರಾಶಿ. ಮೊದಲ ಗಿರಾಕಿಗಳು ಕಟಕೋಳದ ಹೊಸ ಜೋಡಿ. ಗಂಡ ಗೋಡೆ ನೋಡಿದವನೇ, "ಏನ್ರಿ ಇದು, ಒಲಿ ಹೊಗಿ ಹತ್ತಿದಂಗ ಐತಿ!" ಎಂದ.

ಮೂಲೆಯಲ್ಲಿ ಕೂತಿದ್ದ ಸರ್ ಸಿಟ್ಟಾಗಲಿಲ್ಲ. "ಒಂದ್ ಫೋಟೊ ತಗಸ್ಕೋರಿ. ಸೇರಲಿಲ್ಲಂದ್ರ ನಾನ ಗೋಡಿ ತೊಳೀತೇನಿ."

ಪ್ರಿಂಟು ಬಂದಾಗ ನಾನೇ ಬೆರಗಾದೆ. ಜೋಡಿಯ ಮುಖಗಳು ಸ್ಪಷ್ಟ. ಹಿಂದೆ ಮಸುಕಾದ ಚುಕ್ಕೆಗಳೆಲ್ಲ ಕೂಡಿ ಬಿಸಿಲಿಗೆ ಮಿನುಗುವ ನೀರಾಗಿದ್ದವು; ಅದರ ಮೇಲೆ ಹಡಗುಗಳು ತೇಲುತ್ತಿದ್ದವು. ಹುಡುಗಿ ಫೋಟೊವನ್ನು ಸೆರಗಿನಿಂದ ಒರೆಸಿ, "ಇನ್ನೊಂದ್ ಕಾಪಿ ಕೊಡ್ರಿ, ತವರಮನಿಗೆ ಕಳಸ್ತೇನಿ," ಎಂದಳು. ಆಮೇಲೆ ಸವದತ್ತಿ, ರಾಮದುರ್ಗಗಳಿಂದಲೂ ಜೋಡಿಗಳು ಹುಡುಕಿಕೊಂಡು ಬಂದವು. ನನ್ನ ಬದುಕು ನಿಂತದ್ದೇ ಆ ಗೋಡೆಯ ಆಸರೆಯಲ್ಲಿ.

ನಿವೃತ್ತಿಯಾದ ಮೇಲೆ ಒಂದು ಮುಂಜಾನೆ ಸರ್ ತಮ್ಮ ಹೆಂಡತಿಯನ್ನು ಸ್ಟುಡಿಯೊಗೆ ಕರೆತಂದರು. ನಾವೆಲ್ಲ ಅವರನ್ನು ಚಾಚಿ ಎನ್ನುತ್ತಿದ್ದೆವು. ಚಾಚಿಗೆ ಬಸ್ಸು ಹತ್ತಿದರೆ ವಾಂತಿ. ಕಿತ್ತೂರಿನ ಆಚೆ ಅವರು ಹೋದವರಲ್ಲ.

"ಸಮುದ್ರ ತೋರಸ್ರಿ ಅಂತ ಲಗ್ನಾದಾಗಿಂದ ಜೀವಾ ತಿಂದಾಳ. ಇವತ್ತ ತೋರಸ್ತೇನಿ," ಎಂದರು ಸರ್.

ಚಾಚಿ ಗೋಡೆಯ ಹತ್ತಿರ ಹೋಗಿ, "ನೀರ ತಣ್ಣಗ ಐತೇನು?" ಎನ್ನುತ್ತ ಬೆರಳ ತುದಿಯಿಂದ ಮುಟ್ಟಿ ನೋಡಿದರು. ಸರ್ ಬಾಯ್ತುಂಬ ನಗುತ್ತ ಅವರನ್ನು ಗೋಡೆಯಿಂದ ಈಚೆ ಕರೆತಂದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಆಗಲೇ ನಾನು ಕ್ಯಾಮೆರಾ ಒತ್ತಿದೆ.

ಕೆಲವು ವರ್ಷಗಳ ನಂತರ ಸರ್ ತೀರಿಕೊಂಡರು. ಮನೆಯವರು ಪಡಸಾಲೆಯಲ್ಲಿ ಆ ಫೋಟೊವನ್ನೇ ಹಾಕಿದರು. ಮಾತನಾಡಿಸಲು ಬಂದ ನೆಂಟರೊಬ್ಬರು ಅದನ್ನು ನೋಡಿ, "ಇಬ್ಬರೂ ಗೋವಾಕ್ಕ ಯಾವಾಗ ಹೋಗಿದ್ರಿ?" ಎಂದು ಕೇಳಿದರು. ನಾನು ಅಲ್ಲೇ ಕೂತಿದ್ದೆ. ಚಾಚಿ ನನ್ನ ಕಡೆ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಹೇಳಿದರು:

"ಇವರು ರಿಟಾಯರ್ ಆದ ವರ್ಷ. ಗಾಳಿ ಭಾಳ ಇತ್ತರಿ."