ಕಾದ ಚಪ್ಪಡಿಗೆ ನೀರು

ಬಳ್ಳಾರಿಯ ಕಾಲೇಜೊಂದರ ಲ್ಯಾಬಿನಲ್ಲಿ ಕೂತು ನಾನು ಕಂಪ್ಯೂಟರಿನೊಳಗೆ ಕಲ್ಲು ಒಡೆಯುತ್ತೇನೆ. ಗ್ರಾನೈಟ್, ಗಾಜು, ಕಾಂಕ್ರೀಟು, ಹೀಗೆ ಬಾಗದೆ ಒಮ್ಮೆಲೇ ಸೀಳಿಹೋಗುವ ವಸ್ತುಗಳಲ್ಲಿ ಬಿರುಕು ಎಲ್ಲಿ ಹುಟ್ಟಿ ಯಾವ ಕಡೆ ಓಡುತ್ತದೆಂದು ಲೆಕ್ಕ ಹಾಕುವುದು ನನ್ನ ಕೆಲಸ. ಈ ಬೇಸಿಗೆಯಲ್ಲಿ ಒಡೆದದ್ದು ನಮ್ಮ ಮನೆಯ ಕಲ್ಲನ್ನು.

ಕುರುಗೋಡಿನ ನಮ್ಮ ಮನೆಯ ಮುಂದೆ, ಗೋಡೆಯಿಂದ ಹೊರಕ್ಕೆ ಚಾಚಿದ ಚಪ್ಪಡಿಯೊಂದಿತ್ತು. ಬಿಸಿಲಿಗೆ ಕಾದ ಅದರ ಝಳ ಒಳಗೆ ಬಾರದಿರಲೆಂದು ಮೇಲೆ ನೀರು ಸುರಿಯುತ್ತಿದ್ದೆವು. ಓಣಿಯಲ್ಲಿ ಎಲ್ಲರೂ ಸುರಿಯುತ್ತಿದ್ದರು. ಎರಡು ವರ್ಷದ ಹಿಂದೆ ಆ ಚಪ್ಪಡಿ ಗೋಡೆಯ ಅಂಚಿಗೆ ಮುರಿದು, ಕೆಳಗೆ ಕೂತಿದ್ದ ಅಣ್ಣನ ಮೇಲೆ ಬಿತ್ತು. ಅಣ್ಣ ಉಳಿಯಲಿಲ್ಲ.

ಅಂದಿನಿಂದ ಅವ್ವ ಸಿರುಗುಪ್ಪದಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ಹೋದಾಗಲೆಲ್ಲ ಅದೇ ಪ್ರಶ್ನೆ: "ನನ್ನ ನೀರಿಗೇ ಒಡೀತೇನಪಾ ಅದು?"

ಲೆಕ್ಕ ಶುರು ಮಾಡಲು ಯಾವ ಹೊತ್ತು, ಎಷ್ಟು ನೀರು ಎಂದು ತಿಳಿಯಬೇಕಿತ್ತು. ಕೇಳಿದೆ.

"ನಡು ಮಧ್ಯಾಹ್ನ. ಎರಡು ಕೊಡ ಹಾಕೀನಿ. ಚಟ್ ಅಂತು," ಎಂದಳು ಅವ್ವ.

"ಆವತ್ತು ನಾನೂ ಕುರುಗೋಡಿನಾಗ ಇದ್ದೆನಲ್ಲ. ನೀರು ಹಾಕಿದಾಕಿ ನಾನು," ಅಕ್ಕ ಅಡುಗೆಮನೆಯಿಂದ ಅಂದಳು. "ಸಂಜಿ ಆಗಿತ್ತು. ನಿನ್ನ ಮೊಣಕಾಲಿಗೆ ಏಣಿ ಹತ್ತಾಕ ಎಲ್ಲಿ ಬರ್ತಿತ್ತವ್ವ?"

"ಹತ್ತೀನಿ. ಎಲ್ಲಾ ನಿನ್ನ ಮ್ಯಾಲ ಹಾಕ್ಕೋಬ್ಯಾಡ ನೀ."

ತಪ್ಪನ್ನು ಒಬ್ಬರ ಕೈಯಿಂದ ಒಬ್ಬರು ಕಸಿದುಕೊಳ್ಳುವುದನ್ನು ನೋಡುತ್ತಾ ಕೂತೆ. ನನಗೂ ಒಂದು ನೆನಪಿದೆ. ಚಪ್ಪಡಿಯ ಅಂಚಿನಿಂದ ತೊಟ್ಟಿಕ್ಕಿದ ಹನಿ ಕುತ್ತಿಗೆಗೆ ಬಿದ್ದು ಅಣ್ಣ ಮೇಲೆ ನೋಡಿ ಬೈದದ್ದು. ಹನಿ ಬಿದ್ದ ಜಾಗದಲ್ಲಿ ಅವನ ಅಂಗಿ ಕಪ್ಪಗಾದದ್ದೂ ಕಾಣುತ್ತದೆ. ಆದರೆ ಆ ವಾರ ನಾನು ಬಳ್ಳಾರಿಯಲ್ಲಿದ್ದೆ. ಇದನ್ನು ಎಲ್ಲಿಂದ ತಂದೆನೋ ಗೊತ್ತಿಲ್ಲ. ಬಿಟ್ಟರೂ ಹೋಗುತ್ತಿಲ್ಲ.

ಮುರಿದ ತುಂಡು ಯಾರ ಮನೆಯಲ್ಲೋ ಬಟ್ಟೆ ಒಗೆಯುವ ಕಲ್ಲಾಗಿದೆಯಂತೆ. ನಾನು ಹುಡುಕಲಿಲ್ಲ.

ಲ್ಯಾಬಿನಲ್ಲಿ ಚಪ್ಪಡಿಯನ್ನು ಸಾವಿರಾರು ಚೂರುಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಡೆಯದೆ ತಾಳುವ ಒಂದು ಬಲ ಕೊಟ್ಟೆ. ಎಲ್ಲಕ್ಕೂ ಒಂದೇ ಬಲ ಕೊಡುವಂತಿಲ್ಲ. ಅಂಥ ಕಲ್ಲು ನೆಲದಲ್ಲಿ ಎಲ್ಲೂ ಇಲ್ಲ. ದುರ್ಬಲ ಚೂರುಗಳನ್ನು ಚೀಟಿ ಎತ್ತಿದಂತೆ ಎಲ್ಲೆಲ್ಲೋ ಎರಚಬೇಕು. ಎರಚಿದಾಗಲೆಲ್ಲ ಹೊಸ ಕಲ್ಲು. ನೀರು ಬಿದ್ದು ಮೇಲ್ಮೈ ತಣಿದು ಕುಗ್ಗಿದಾಗ ಕೆಲವು ಕಲ್ಲು ಮುರಿದವು, ಕೆಲವು ನಿಂತವು. ನೀರಿಲ್ಲದೆ, ತಮ್ಮ ಭಾರಕ್ಕೇ ಮುರಿದವೂ ಇದ್ದವು. ನಮ್ಮದು ಇವುಗಳಲ್ಲಿ ಯಾವುದೆಂದು ಹೇಳುವ ದಾರಿ ಇರಲಿಲ್ಲ. ನೀರಿಲ್ಲದೆ ಮುರಿದದ್ದನ್ನು ಅವ್ವನಿಗೆ ತೋರಿಸಿದರೆ ಸಾಕು ಎಂದುಕೊಂಡೆ.

ಭಾನುವಾರ ಲ್ಯಾಪ್‌ಟಾಪ್ ಹಿಡಿದು ಸಿರುಗುಪ್ಪಕ್ಕೆ ಹೋದೆ.

"ಬಂದ ನೋಡು ಕಲ್ಲು ಒಡಿಯಾಂವ," ಅಕ್ಕ ಅಂದಳು. "ಸುತ್ತಿಗಿ ಎಲ್ಲೈತಲೇ?"

ಅವ್ವ ನಗಲಿಲ್ಲ. "ಮೊದಲ ನೀರು ಹಾಕಿದ್ದು ತೋರ್ಸು."

ತೋರಿಸಿದೆ. ಗೋಡೆಯ ಅಂಚಿನ ಮೇಲೆ ಕೆಂಪು ಗೆರೆಯೊಂದು ಹುಟ್ಟಿತು. ಅರೆಗಳಿಗೆ ತಡೆದು ಕೆಳಕ್ಕೆ ಓಡಿತು.

"ಇದರಾಗ ಅವ ಎಲ್ಲಿ ಕುಂತಾನ?"

"ಅವನ್ನ ಹಾಕಿಲ್ಲವ್ವ. ಬರೇ ಕಲ್ಲು."

"ಹ್ಞಂ. ಈಗ ಇದ ಕಲ್ಲು, ನೀರಿಲ್ದಂಗ."

ಅದೇ ಕಲ್ಲನ್ನು ನೀರಿಲ್ಲದೆ ಮತ್ತೆ ಲೆಕ್ಕಕ್ಕೆ ಹಾಕಿದೆ. ಗೆರೆ ಹುಟ್ಟಲಿಲ್ಲ. ಚಪ್ಪಡಿ ನಿಂತೇ ಇತ್ತು.

"ತಡಿಯವ್ವ," ಅವಸರದಲ್ಲಿ ಅಂದೆ, "ಬ್ಯಾರೆ ಕಲ್ಲು ಹಾಕ್ತೀನಿ. ನೀರಿಲ್ದಂಗನೂ ಬೀಳೋವು ಅದಾವು. ನಿನ್ನ ತಪ್ಪಿಲ್ಲ ಅಂತ ಈಗ ನೀನ ನೋಡ್ತಿ."

ಅವಳು ನನ್ನ ಕೈ ಹಿಡಿದಳು. "ಬ್ಯಾಡ."

"ಯಾಕ?"

"ಇದು ನಿಂತೈತಲ್ಲ. ಬೀಳಸಬ್ಯಾಡ."

ಅಕ್ಕ ಚಹಾ ತಂದಿಟ್ಟಳು. ಅವ್ವ ಅದನ್ನು ಮುಟ್ಟಲಿಲ್ಲ. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಪರದೆಯಲ್ಲಿ ಚಪ್ಪಡಿಯ ಕೆಳಗಿನ ಖಾಲಿ ಜಾಗದ ಮೇಲೆ ಬೆರಳಿಟ್ಟು ಕೂತಳು.