ಒಲೆಯ ಮೇಲೆ ಒಣಗಿದ ಮೈಕು

ನನ್ನ ಸೋದರಮಾವನ ಎಡಗೈಯ ಕಿರುಬೆರಳಿನ ಉಗುರು ಮಾತ್ರ ಉದ್ದ. ಸಣ್ಣ ಸ್ಕ್ರೂಗಳನ್ನು ಅದರ ತುದಿಯಲ್ಲೇ ಎತ್ತುತ್ತಿದ್ದ. "ಥೂ, ಅಸಹ್ಯ ಕಣೋ, ಕತ್ತರಿಸೋ" ಎಂದು ಅಮ್ಮ ಬೈದರೆ, "ಅಕ್ಕ, ಇದು ಉಗುರಲ್ಲ, ನನ್ನ ಹತ್ಯಾರು" ಎನ್ನುತ್ತಿದ್ದ.

ಬಣಕಲ್ಲಿನಲ್ಲಿ ಅವನದೊಂದು ಕ್ಯಾಸೆಟ್ ಅಂಗಡಿ. ಮಂಗಳೂರಿನಲ್ಲಿ ಮುಚ್ಚಿಹೋದ ಸ್ಟುಡಿಯೊದಿಂದ ತಂದ ಹಳೆಯ ಕಂಡೆನ್ಸರ್ ಮೈಕೆಂದರೆ ಅವನಿಗೆ ಪ್ರಾಣ. ಊರಿನವರ ಸೋಬಾನೆ, ಭಜನೆ ಎಲ್ಲ ಅದರಲ್ಲೇ ರೆಕಾರ್ಡಾಗುತ್ತಿತ್ತು. ಮೈಕು ಪರೀಕ್ಷಿಸಲು ಒನ್, ಟೂ, ತ್ರೀ ಎಂದು ಮಾತ್ರ ಯಾರಿಂದಲೂ ಹೇಳಿಸುತ್ತಿರಲಿಲ್ಲ. "ಊಟ ಆಯ್ತಾ?" ಎಂದು ಕೇಳುತ್ತಿದ್ದ. "ಒನ್ ಟೂ ಅಂದ್ರೆ ಎಲ್ರೂ ಮೇಷ್ಟ್ರ ಥರ ಆಗ್ತಾರೆ ಮಾರಾಯ್ತಿ. ಊಟ ಕೇಳಿದ್ರೆ ಸ್ವಂತ ದನಿ ಬರುತ್ತೆ" ಎಂದು ನನಗೆ ವಿವರಿಸಿದ್ದ.

ಅಮ್ಮನ ಗಂಟಲಲ್ಲಿ ಗಡ್ಡೆ ಬಂತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಚಿಕ್ಕಮಗಳೂರಿನ ಡಾಕ್ಟರು. ಆಸ್ಪತ್ರೆಗೆ ಸೇರುವ ಮೊದಲು ಅವಳ ಸೋಬಾನೆಯನ್ನೆಲ್ಲ ತುಂಬಿಟ್ಟುಕೊಳ್ಳಬೇಕೆಂದು ಮಾವ ಮೈಕು ಹಿಡಿದು ಮನೆಗೆ ಬಂದ. ಆಷಾಢ ಬೇರೆ. ಹಚ್ಚಿದರೆ ಬರೀ ಚರಪರ ಸದ್ದು. "ಥಂಡಿ ಹಿಡಿದಿದೆ, ಒಣಗಿದ್ರೆ ಸರಿಹೋಗುತ್ತೆ" ಎಂದು ಅಂಗಡಿಗೆ ಹೋದವನು ಮರುದಿನ ಬರುವಷ್ಟರಲ್ಲಿ, ಅಮ್ಮ ಅದನ್ನು ಒಲೆಯ ಮೇಲೆ ತೂಗುಹಾಕಿದ ಬಿದಿರ ತಟ್ಟಿಗೆ ಏರಿಸಿಬಿಟ್ಟಿದ್ದಳು! ನಮ್ಮಲ್ಲಿ ಮಳೆಗಾಲದಲ್ಲಿ ಹಪ್ಪಳ, ಬೆಂಕಿಪೊಟ್ಟಣ, ಮಕ್ಕಳ ಯೂನಿಫಾರ್ಮು ಎಲ್ಲ ಒಣಗುವುದು ಅಲ್ಲೇ ತಾನೆ. ಹೊಗೆ ಕುಡಿದ ಮೈಕು ಪೂರ್ತಿ ಮೂಕವಾಗಿತ್ತು.

ಅಮ್ಮ ಅತ್ತೇಬಿಟ್ಟಳು. ಮಾವ, "ಅಯ್ಯೋ ಅಕ್ಕ, ಹಪ್ಪಳದ ಜೊತೆ ಇದನ್ನೂ ಕರಿಯೋಕೆ ಹೊರಟಿದ್ಯಾ?" ಎಂದು ನಕ್ಕ.

ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಕೂತ. ಉಸಿರು ತಾಗಬಾರದೆಂದು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡ. ಜಾಲರಿ ಬಿಚ್ಚಿದರೆ ಒಳಗೆ ಈರುಳ್ಳಿ ಪೊರೆಗಿಂತ ತೆಳುವಾದ, ಚಿನ್ನದ ಬಣ್ಣದ ಹಾಳೆ. ಅದರ ಮೇಲೆಲ್ಲ ಹೊಗೆಯ ಜಿಡ್ಡು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ನಯವಾದ ಬ್ರಷ್ ಅದ್ದಿ, ತಾಗಿಯೂ ತಾಗದ ಹಾಗೆ ಸವರಿದ. ಸ್ವಲ್ಪ ಒತ್ತಿದರೂ ಹರಿದೇ ಹೋಗುತ್ತಿತ್ತು. ಆಮೇಲೆ ಸಣ್ಣ ಬಲ್ಬು ಉರಿಯುವ ಬಿಸ್ಕೆಟ್ ಡಬ್ಬದಲ್ಲಿಟ್ಟು ಒಣಗಿಸಿದ. ಅಮ್ಮ ಊಟಕ್ಕೆ ಕರೆದಾಗಲೆಲ್ಲ ಬಟ್ಟೆಯೊಳಗಿಂದಲೇ "ಹ್ಞೂಂ" ಎಂದ, ಏಳಲಿಲ್ಲ.

ಸಂಜೆ ಮೈಕಿಗೆ ಜೀವ ಬಂತು. ಮಾವ ರೆಕಾರ್ಡಿಂಗ್ ಶುರುಮಾಡಿ ಅಮ್ಮನನ್ನು ಕೇಳಿದ: "ಅಕ್ಕ, ಊಟ ಆಯ್ತಾ?"

"ನಂದಾಯ್ತು ಕಣೋ. ನೀನೇ ಬೆಳಗ್ಗಿಂದ ಉಪವಾಸ ಇದ್ದೀಯಲ್ಲೋ!"

ಆಮೇಲೆ ಅವಳು ಗೊತ್ತಿದ್ದುದನ್ನೆಲ್ಲ ಹಾಡಿದಳು.

ಅಮ್ಮ ಉಳಿದಳು, ದನಿ ಹೋಯಿತು. ಕೆಲವು ವರ್ಷಗಳ ನಂತರ, ಎದೆನೋವು ಎಂದು ಅಂಗಡಿಯಲ್ಲಿ ಕೂತ ಮಾವ ಮತ್ತೆ ಏಳಲೇ ಇಲ್ಲ. ಅವನ ತಿಥಿಯ ದಿನ ನೆಂಟರೆಲ್ಲ ಹೋದ ಮೇಲೆ ಅಮ್ಮ ಆ ಕ್ಯಾಸೆಟ್ ತಂದು ನನ್ನ ಕೈಗಿಟ್ಟಳು. ಪಾಪ, ತನ್ನ ಹಾಡು ಕೇಳುವ ಆಸೆಯಿರಬೇಕು ಎಂದುಕೊಂಡು ಹಾಕಿದೆ.

"ಅಕ್ಕ, ಊಟ ಆಯ್ತಾ?"

ಅಮ್ಮ ಆಯ್ತು ಎಂದು ತಲೆಯಾಡಿಸಿದಳು. ಹಾಡು ಶುರುವಾಗುತ್ತಿದ್ದಂತೆ ಕೈ ಎತ್ತಿ ತಡೆದಳು. ಬೆರಳು ಸುತ್ತಿಸಿ ತೋರಿಸಿದಳು: ಹಿಂದಕ್ಕೆ ತಿರುಗಿಸು, ಅವನು ಇನ್ನೊಂದು ಸಲ ಕೇಳಲಿ.