ಧಾಪುವನ್ನು ಕೊಟ್ಟು ತೀಜಾಳನ್ನು ತಂದದ್ದು

ಪೂಸಾರಾಮನಿಗೆ ಇಪ್ಪತ್ತಾರು ತುಂಬಿದರೂ ಹೆಣ್ಣು ಸಿಗಲಿಲ್ಲ. ಹುಡುಗ ಸಾಧು. ಕುಡಿತವಿಲ್ಲ, ಅಫೀಮಿಲ್ಲ. ಆದರೆ ಹೆಣ್ಣುಮಗುವನ್ನು ಹುಟ್ಟಲು ಬಿಡುವುದರಲ್ಲೇ ಜಿಪುಣತನ ಮಾಡಿ, ಮಗನಿಗೆ ಮೀಸೆ ಬಂದ ಮೇಲೆ ಈ ನಾಗೌರ್ ಸೀಮೆಯ ಹೆಣ್ಣುಮಕ್ಕಳೆಲ್ಲ ಎಲ್ಲಿ ಹೋದರೆಂದು ಆಕಾಶ ನೋಡುವ ಜನ ನಾವು. ಕೊನೆಗೆ ಎಲ್ಲರೂ ಮಾಡುವುದನ್ನೇ ಅವನ ಅಪ್ಪನೂ ಮಾಡಿದ. ಮನೆಯಲ್ಲಿ ಹದಿನೇಳರ ಮಗಳು ಧಾಪು ಇದ್ದಳು. ಅವಳನ್ನು ಖಾರಿಯಾ ಊರಿನ ಭೀಖಾರಾಮನಿಗೆ ಕೊಟ್ಟು, ಭೀಖಾರಾಮನ ತಂಗಿ ತೀಜಾಳನ್ನು ಪೂಸಾರಾಮನಿಗೆ ತಂದರು. ಒಂದೇ ಚಪ್ಪರ, ಒಬ್ಬನೇ ಪುರೋಹಿತ, ಒಂದೇ ಒಲೆ. ಇದಕ್ಕೆ ನಮ್ಮಲ್ಲಿ ಅಟ್ಟಾ-ಸಟ್ಟಾ ಎನ್ನುತ್ತಾರೆ. ವರದಕ್ಷಿಣೆಯ ರಗಳೆಯೇ ಇಲ್ಲವೆಂದು ಇದನ್ನು ಮೆಚ್ಚಿಕೊಳ್ಳುವವರು ಬಹಳ. ಅವರಲ್ಲಿ ಹೆಂಗಸರನ್ನು ನಾವಿನ್ನೂ ಕಂಡಿಲ್ಲ.

ಧಾಪು ಮತ್ತು ತೀಜಾ ಪರಸ್ಪರ ಅತ್ತಿಗೆಯೂ ಹೌದು, ನಾದಿನಿಯೂ ಹೌದು. ಯಾರು ಯಾರ ಕಾಲಿಗೆ ಬೀಳಬೇಕೆಂಬುದು ಮದುವೆಯ ದಿನ ಇತ್ಯರ್ಥವಾಗದೆ, ಧಾಪು ಒಂದು ವರ್ಷ ದೊಡ್ಡವಳೆಂದು ತೀಜಾಳೇ ಬಿದ್ದು ಮುಗಿಸಿದಳು.

ತೀಜಾಳಿಗೆ ಒಳ್ಳೆಯ ಗಂಡ ಸಿಕ್ಕಿದ. ಧಾಪುವಿಗೆ ಭೀಖಾರಾಮ ಸಿಕ್ಕಿದ. ಅವನಿಗೆ ಬೆಳಿಗ್ಗೆ ಅಫೀಮು, ಮಧ್ಯಾಹ್ನ ನಿದ್ದೆ, ಸಂಜೆ ಸಾರಾಯಿ. ಇಷ್ಟು ಕೆಲಸದ ನಡುವೆಯೂ ಹೆಂಡತಿಯನ್ನು ಹೊಡೆಯಲು ಬಿಡುವು ಮಾಡಿಕೊಳ್ಳುತ್ತಿದ್ದ. ಒಂಬತ್ತು ವರ್ಷವಾದರೂ ಮಕ್ಕಳಾಗದ್ದು ಅವನಿಗೊಂದು ನೆಪ. ಧಾಪು ಎರಡು ಸಲ ತವರಿಗೆ ಓಡಿಬಂದಿದ್ದಳು. ಎರಡು ಸಲವೂ ಖಾರಿಯಾದಿಂದ ಒಂದೇ ಮಾತು ಬಂದಿತ್ತು: ನಿಮ್ಮವಳನ್ನು ಕಳಿಸಿ, ಇಲ್ಲವೇ ನಮ್ಮವಳನ್ನು ಕಳಿಸಿ. ಎರಡು ಸಲವೂ ಧಾಪು ವಾರದೊಳಗೆ ವಾಪಸು ಹೋಗಿದ್ದಳು.

ಮೂರನೆಯ ಸಲ ಬಲಗೈ ಮುರಿದುಕೊಂಡು ಬಂದಳು. ಇನ್ನು ಆ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಬಸ್ಸಿನಲ್ಲೇ ನಿರ್ಧಾರವಾಗಿತ್ತು. ಅವ್ವ ಆ ಕೈ ನೋಡಿ ಹಣೆ ಚಚ್ಚಿಕೊಂಡಳು.

"ಈ ಸಲ ಕಳಿಸಲ್ಲ ಕಣೆ. ಅದೇನಾಗುತ್ತೋ ಆಗಲಿ."

ನಾಟಿವೈದ್ಯ ಬಂದು ಬಿದಿರು ಪಟ್ಟಿ ಕಟ್ಟಿಹೋದ. ತೀಜಾಳೇ ಹಾಲಿಗೆ ಅರಿಸಿನ ಹಾಕಿ ತಂದುಕೊಟ್ಟಳು.

"ಇಲ್ಲೇ ಇದ್ದುಬಿಡು ಅತ್ತಿಗೆ. ನಮ್ಮಣ್ಣನ ಮುಖ ಇನ್ನು ನೋಡಬೇಡ."

"ನಾನಿಲ್ಲಿದ್ರೆ ನೀನೆಲ್ಲಿರ್ತೀಯೇ?"

ತೀಜಾ ಲೋಟ ತೊಳೆಯಲು ಹೋದಳು.

ಮೂರನೆಯ ದಿನ ಜೀಪು ಬಂತು. ತೀಜಾಳ ಅಪ್ಪ ನೀರು ಕೂಡ ಮುಟ್ಟಲಿಲ್ಲ. "ನಿಮ್ಮವಳು ನಮ್ಮಲ್ಲಿಲ್ಲ. ನಮ್ಮವಳು ನಿಮ್ಮಲ್ಲಿ ಯಾಕಿರ್ಬೇಕು?" ಎಂದ. ಲೆಕ್ಕ ಸರಿಯಾಗಿತ್ತು, ಯಾರೂ ಎದುರಾಡಲಿಲ್ಲ. ಮಕ್ಕಳು ಮಾತ್ರ ಗಂಡನ ಮನೆಯ ಆಸ್ತಿ. ಹಾಗಾಗಿ ಐದು ವರ್ಷದ ಮಗಳನ್ನೂ ಎಂಟು ತಿಂಗಳ ಕೂಸನ್ನೂ ಬಿಟ್ಟು ತೀಜಾ ಮುಸುಕು ಎಳೆದುಕೊಂಡು ಜೀಪು ಹತ್ತಿದಳು.

ಕೂಸು ಆಡಿನ ಹಾಲು ಮುಟ್ಟಲಿಲ್ಲ. ಧಾಪು ಒಂದೇ ಕೈಯಲ್ಲಿ ಅದನ್ನು ಸೊಂಟಕ್ಕೇರಿಸಿಕೊಂಡು, ಬಟ್ಟೆ ಅದ್ದಿ ಅದ್ದಿ ಹಾಲು ಹಿಂಡಿದಳು. ಅರ್ಧ ಕುಡಿದರೆ ಅರ್ಧ ಕಕ್ಕುತ್ತಿತ್ತು. ತೀಜಾ ಹೋದ ನಾಲ್ಕನೆಯ ದಿನ ಅವ್ವ ಶುರುಮಾಡಿದಳು.

"ನಾನು ಹೋಗು ಅಂತ ಹೇಳ್ತಿಲ್ಲ ಕಣೆ."

ಹೇಳುತ್ತಿಲ್ಲವೆಂಬುದನ್ನು ದಿನಕ್ಕೆ ಹತ್ತು ಸಲ ಹೇಳಿದಳು. ಪೂಸಾರಾಮ ಅದನ್ನೂ ಹೇಳಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು, ತಂಗಿಯ ಕಣ್ಣು ತಪ್ಪಿಸಿ ಅಂಗಳದಲ್ಲಿ ಅಡ್ಡಾಡುತ್ತಿದ್ದ. ಅವನು ಬೈದಿದ್ದರೆ ಧಾಪು ತಿರುಗಿ ಬೈದು ಉಳಿದುಬಿಡುತ್ತಿದ್ದಳೋ ಏನೋ. ಆರನೆಯ ದಿನ ಕೂಸಿಗೆ ಅಳುವ ಶಕ್ತಿಯೂ ಉಳಿಯಲಿಲ್ಲ.

"ಫೋನ್ ಮಾಡಣ್ಣ," ಎಂದಳು ಧಾಪು.

ಫೋನಿನಲ್ಲಿ ಹೊಸ ತಕರಾರು. ಮೊದಲು ನೀವು ಕಳಿಸಿ ಎಂದು ಅವರು, ನೀವು ಕಳಿಸಿದ ಮೇಲೆ ನಾವು ಎಂದು ಇವರು. ಇಪ್ಪತ್ತು ವರ್ಷ ಒಂದೇ ಹುಕ್ಕಾ ಸೇದಿದ ಜನ, ಹೆಂಗಸರ ವಿಷಯಕ್ಕೆ ಬಂದಾಗ ಒಬ್ಬರನ್ನೊಬ್ಬರು ನಂಬಲಿಲ್ಲ. ಕಡೆಗೆ ಅರ್ಧ ದಾರಿಯ ಕೂಡುರಸ್ತೆಯಲ್ಲಿ, ಚಹಾದಂಗಡಿ ಮುಂದೆ, ಹಗಲು ಹನ್ನೆರಡಕ್ಕೆ ಏಕಕಾಲದಲ್ಲಿ ಕೊಟ್ಟು ತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು. ಆ ಕಡೆಯಿಂದ ಐದು ಪೇಟ, ಈ ಕಡೆಯಿಂದ ಐದು ಪೇಟ. ಬಂದ ಮೇಲೆ ಚಹಾ ಕುಡಿಯದೆ ಇರಲಾಗುತ್ತದೆಯೇ? ಸಾಸಿವೆ ಫಸಲಿನ ಮಾತು ಶುರುವಾಯಿತು. ಹೆಂಗಸರಿಬ್ಬರನ್ನೂ ಬನ್ನಿಮರದ ಕೆಳಗೆ ಕೂರಿಸಿದರು.

"ಕೂಸು?" ಎಂದಳು ತೀಜಾ.

"ಇದೆ. ಅವ್ವನ ಹತ್ರ ಬಿಟ್ಟುಬಂದಿದೀವಿ. ಹೋದ ತಕ್ಷಣ ಎದೆಗೆ ಹಾಕ್ಕೋ, ಆದ್ರೆ ಸ್ವಲ್ಪ ಸ್ವಲ್ಪವೇ ಕುಡಿಸು. ಹೊಟ್ಟೆ ಒಣಗಿದೆ."

ತೀಜಾಳ ರವಿಕೆಯ ಮುಂಭಾಗ ಹಾಲಿನಿಂದ ಒದ್ದೆಯಾಗಿತ್ತು. ಓಢಣಿ ಎಳೆದು ಮುಚ್ಚಿಕೊಂಡಳು.

"ನಿನ್ನ ತವರಲ್ಲಿ ಚೆನ್ನಾಗಿ ನೋಡ್ಕೊಂಡ್ರಾ?"

"ಎರಡನೇ ದಿನಕ್ಕೇ ನಮ್ಮವ್ವ ಕೇಳಿದ್ಲು, ಧಾಪು ಯಾವಾಗ ಬರ್ತಾಳೆ, ಎಮ್ಮೆ ನನ್ನ ಕೈಗೆ ಹಾಲು ಕೊಡ್ತಿಲ್ಲ ಅಂತ."

"ಎಮ್ಮೆಯಾದ್ರೂ ನೆನೆಸ್ಕೊಳ್ತಲ್ಲ."

ಇಬ್ಬರಿಗೂ ನಗು ಬಂತು. ಚಹಾದ ಕಡೆಯಿಂದ ಒಂದು ಪೇಟ ತಿರುಗಿ ನೋಡಿ, "ನೋಡ್ರಪ್ಪ, ಅವರಿಬ್ಬರು ಎಷ್ಟು ಹೊಂದ್ಕೊಂಡಿದಾರೆ. ನಮ್ಮದೇ ಕಿತ್ತಾಟ," ಎಂದಿತು.

ಅಷ್ಟರಲ್ಲಿ ಅಜ್ಮೇರಿನ ಬಸ್ಸು ಬಂದು ನಿಂತಿತು.

"ಹತ್ತೋಣ್ವಾ ಅತ್ತಿಗೆ?"

"ಹತ್ತಿ?"

"ಅಜ್ಮೇರಲ್ಲಿ ಇಳಿಯೋಣ."

"ಇಳಿದು?"

ತೀಜಾ ತಮಾಷೆಗೇ ಹೇಳಿದ್ದಳು. ಆದರೂ ಇಬ್ಬರೂ ಬಸ್ಸಿನ ಬಾಗಿಲನ್ನೇ ನೋಡುತ್ತ ಕುಳಿತರು. ಕಂಡಕ್ಟರ್ ಎರಡು ಸಲ ಕೂಗಿ, ಇವರನ್ನೂ ಆ ಹತ್ತು ಪೇಟಗಳನ್ನೂ ನೋಡಿ, ಸೀಟಿ ಊದಿದ. ಬಸ್ಸು ಹೋಯಿತು.

"ಒಂದು ಮಾತು," ಎಂದಳು ತೀಜಾ, ತಲೆ ಎತ್ತದೆ. "ನಮ್ಮಣ್ಣನದು ಎಡಗೈ. ಚಿಕ್ಕಂದಿನಿಂದ್ಲೂ ಎಡಗೈಯಲ್ಲೇ ಹೊಡೀತಾನೆ. ನೀನು ಅವನ ಬಲಗಡೆಗೆ ನಿಂತ್ಕೋ."

"ಗೊತ್ತು ಕಣೆ. ನಿನಗೆ ಹೇಗೆ ಗೊತ್ತು?"

ಚಹಾ ಮುಗಿದಿತ್ತು. ಯಾರೋ "ಹೂಂ, ಕಳಿಸಿ" ಎಂದರು. ಇಬ್ಬರೂ ಎದ್ದು, ಒಬ್ಬರು ಬಂದ ಜೀಪಿಗೆ ಇನ್ನೊಬ್ಬರು ಹತ್ತಿದರು.

ಆಮೇಲೆ ಧಾಪು ಓಡಿಬರಲಿಲ್ಲ. ರಾಖಿಗೆ ಬರುತ್ತಾಳೆ, ಅಣ್ಣನ ಕೈಗೆ ದಾರ ಕಟ್ಟುತ್ತಾಳೆ, ಸೆಟೆದ ಬಲಗೈಯಲ್ಲೇ ಸಜ್ಜೆ ರೊಟ್ಟಿ ತಟ್ಟಿಕೊಟ್ಟು ಮಾರನೆಯ ದಿನ ಹೊರಡುತ್ತಾಳೆ. ಪೂಸಾರಾಮನಿಗೆ ಮೂರನೆಯ ಮಗುವೂ ಆಯಿತು. ಧಾಪುವಿಗೆ ಬುದ್ಧಿ ಬಂತು, ಎರಡು ಮನೆ ಉಳೀತು ಎಂದು ಊರಿನವರೆಲ್ಲ ಸಮಾಧಾನಪಟ್ಟೆವು. ಕಳೆದ ವರ್ಷ ಬಂದಾಗ ಹುಬ್ಬಿನ ಮೇಲೆ ಸೀಳು ಗಾಯವಿತ್ತು.

"ಏನೇ ಅದು?" ಎಂದಳು ಅವ್ವ.

"ಮೆಟ್ಟಿಲಿಂದ ಜಾರಿದೆ."

ಖಾರಿಯಾದ ಆ ಮನೆಗೆ ಮೆಟ್ಟಿಲೇ ಇಲ್ಲ. ಅಲ್ಲಿ ಹುಟ್ಟಿ ಬೆಳೆದ ತೀಜಾ ಪಕ್ಕದಲ್ಲೇ ಕುಳಿತು ಕಾಳು ಆರಿಸುತ್ತಿದ್ದಳು.

"ನೋಡ್ಕೊಂಡು ಇಳೀಬಾರ್ದಾ," ಎಂದಳು ಅವ್ವ.

"ಇಳೀತೀನಿ ಬಿಡವ್ವ," ಎಂದಳು ಧಾಪು. ತೀಜಾ ಮೊರ ಎತ್ತಿಕೊಂಡು ಒಳಗೆ ಹೋದಳು.